ವಾಯಿದೆಯ ಕೋಟು

ನನ್ನ ಗಂಡನ ಲೈಸೆನ್ಸ್ ಕಿತ್ತುಕೊಂಡದ್ದು ಸರ್ಕಾರವಲ್ಲ, ಕಟ್ಟಿಕೊಂಡ ಹೆಂಡತಿ ಎಂದು ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳುತ್ತಾರೆ. ನಮ್ಮವರು ಹೋಗಿ ವರ್ಷಗಳಾದವು, ಅಪವಾದ ಮಾತ್ರ ಗಟ್ಟಿಮುಟ್ಟಾಗಿದೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ ನೀವೇ ಹೇಳಿ.

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿದ್ದೆವು. ನಾನು ಇಸ್ತ್ರಿ ಮೇಜಿನ ಮುಂದೆ, ಅವರು ವ್ಯಾನಿನ ಸ್ಟೀರಿಂಗಿನ ಹಿಂದೆ. ಲಾಂಡ್ರಿಯ ಹಿರಿಯರೊಬ್ಬರು ಕೆಲಸ ಬಿಟ್ಟ ದಿನ ಬೀಳ್ಕೊಡುಗೆಯ ಊಟವಾಯಿತು. ಯಾರೋ ಸುರಿದರು, ಇವರು ಕುಡಿದರು. ಆಮೇಲೆ ವ್ಯಾನ್ ಹತ್ತಿದವರು ಸೀದಾ ಪೊಲೀಸಿನವರ ಮುಂದೆ ನಿಲ್ಲಿಸಿ, "ಸ್ವಾಮಿ, ನಮ್ಮ ಲಾಂಡ್ರಿಗೆ ದಾರಿ ಯಾವುದು?" ಎಂದು ಕೇಳಿದರಂತೆ. (ವ್ಯಾನ್ ನಿಂತದ್ದೇ ಲಾಂಡ್ರಿಯ ಬಾಗಿಲಲ್ಲಿ.) ಪೊಲೀಸಿನವರು ದಾರಿ ತೋರಿಸಲಿಲ್ಲ. ಒಂದು ಕೊಳವೆ ತೋರಿಸಿ ಊದಿ ಎಂದರು. ಇವರು ಮನಸಾರೆ ಊದಿದರು.

ಲೈಸೆನ್ಸ್ ಕೈಬಿಟ್ಟು ಹೋಯಿತು. ಮಹಡಿ ಮನೆಯ ಟೈಪಿಸ್ಟ್ ಮಾವ (ಕೋರ್ಟಿನಲ್ಲಿ ಟೈಪು ಕುಟ್ಟಿ ನಿವೃತ್ತರಾದವರು, ನಮ್ಮ ಬೀದಿಯ ಪರಮೋಚ್ಚ ನ್ಯಾಯಪೀಠ) ಇಳಿದು ಬಂದು ಕಾನೂನು ಬಿಡಿಸಿದರು.

"ನೋಡಪ್ಪಾ, ವಿಚಾರಣೆ ಬೇಕು ಅಂತ ಅರ್ಜಿ ಹಾಕು. ಹಾಕಿದ ಮೂವತ್ತು ದಿನದೊಳಗೆ ಸಾಹೇಬ್ರು ಕೂತು ಕೇಳ್ಲೇಬೇಕು. ಕೇಳ್ಲಿಲ್ವೋ, ಲೈಸೆನ್ಸ್ ತಾನಾಗಿ ವಾಪಸ್."

"ಕೇಳಿದ್ರೆ?"

"ಊದಿದೀಯಲ್ಲಪ್ಪಾ, ಇನ್ನೇನು ಕೇಳೋದು! ಆರು ತಿಂಗಳು ಮರೆತುಬಿಡು."

ಲಾಂಡ್ರಿ ಯಜಮಾನರು ವ್ಯಾನಿಗೆ ಬೀಗ ಹಾಕಿ ಕೈಗಾಡಿ ಕೊಟ್ಟರು. ಮುಂದೆ ಎಳೆಯಲು ಇವರು, ಹಿಂದೆ ತಳ್ಳಲು ನಾನು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮೆರವಣಿಗೆ. ಡ್ರೈವರ್ ಟೋಪಿ ಇಲ್ಲದೆ ಇವರು ಗಾಡಿ ಮುಟ್ಟುತ್ತಿರಲಿಲ್ಲ. ತಿರುವು ಬಂದರೆ ಕೈ ಚಾಚಿ ಸಿಗ್ನಲ್. ಯಾರಾದರೂ ಅಡ್ಡ ಬಂದರೆ ಬಾಯಲ್ಲೇ "ಪೋಂ ಪೋಂ". ಇಳಿಜಾರಿನಲ್ಲಿ ಕೂಗಾಟ:

"ಬ್ರೇಕ್ ಹಿಡಿಯೇ!"

"ಎಲ್ಲಿದೆ ಬ್ರೇಕು?"

"ನೀನೇ ಕಣೇ ಬ್ರೇಕು!"

ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವು ಜೊತೆಯಾಗಿ ನಡೆದದ್ದೇ ಇಲ್ಲ. ಹಗಲು ಅವರು ರಸ್ತೆಯಲ್ಲಿ, ನಾನು ಹಬೆಯಲ್ಲಿ. ಈಗ ಹಾದಿಯುದ್ದಕ್ಕೂ ಮಾತು. ಮದುವೆಗೆ ಮುಂಚೆ ದಿನಾ ಒಂದೇ ಷರ್ಟನ್ನು ಇಸ್ತ್ರಿಗೆ ತರುತ್ತಿದ್ದರಲ್ಲ, ಅದನ್ನು ಮನೆಯಲ್ಲಿ ಬೇಕಂತಲೇ ಮುದ್ದೆ ಮಾಡಿ ಮೇಲೆ ಕೂತುಕೊಳ್ಳುತ್ತಿದ್ದರಂತೆ, ನನ್ನನ್ನು ನೋಡುವ ಸಲುವಾಗಿ. ಇದನ್ನು ಹೇಳಲು ಲೈಸೆನ್ಸ್ ಹೋಗಬೇಕಾಯಿತು!

ಅರ್ಜಿ ಹಾಕಿದ್ದಾಯಿತು, ವಿಚಾರಣೆಗೆ ಕರೆ ಬರಲೇ ಇಲ್ಲ. ಮೂವತ್ತನೆಯ ದಿನ ಶುಕ್ರವಾರ. ಅದೇ ವಾರದ ಮಂಗಳವಾರ ಇವರು ಒಂದು ಕಪ್ಪು ಕೋಟು ಹೊತ್ತು ಕುಣಿಯುತ್ತ ಬಂದರು.

"ಲೇ, ಇದ್ಯಾರ ಕೋಟು ಹೇಳು? ಲೈಸೆನ್ಸ್ ಸಾಹೇಬ್ರದು! ಟೀ ಚೆಲ್ಕೊಂಡಿದಾರೆ. ಇರೋದೇ ಇದೊಂದು. ಇದಿಲ್ದೆ ವಿಚಾರಣೆಗೆ ಕೂರೋದೇ ಇಲ್ವಂತೆ!"

ನಾನು ಪದ್ಧತಿಯಂತೆ ಚೀಟಿ ಚುಚ್ಚಿದೆ: ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ನನ್ನ ಕೈಯಿಂದ ವಾಯಿದೆ ತಪ್ಪಿದ ಬಟ್ಟೆ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಶುಕ್ರವಾರ ಬಂತು. "ನಾಳೆ ಕೊಡೋಣ ಕಣೇ," ಎಂದು ಇವರು ಮೇಜು ಹಿಡಿದು ನಿಂತರು.

"ಚೀಟಿಲಿ ಇವತ್ತು ಅಂತಿದೆ."

"ಕಲೆ ಹೋಗ್ಲಿಲ್ಲ ಅನ್ನು."

"ಕಲೆ ನಿನ್ನೆನೇ ಹೋಯ್ತು."

"ಇನ್ನೊಂದು ಕಲೆ ಮಾಡೋಣ!"

"ನೀವು ಊದಿದ್ದಕ್ಕೆ ನನ್ನ ಇಸ್ತ್ರಿ ಯಾಕ್ರೀ ಸುಕ್ಕಾಗ್ಬೇಕು?"

"ನಿನಗೆ ಗಂಡ ದೊಡ್ಡೋನೋ, ಕೋಟು ದೊಡ್ಡದೋ?"

"ಅಳತೆ ನೋಡಿದ್ರೆ ಕೋಟೇ."

ಇವರು ಗಾಡಿ ಮುಟ್ಟಲಿಲ್ಲ. ನಾನು ಕೋಟನ್ನು ಹ್ಯಾಂಗರಿಗೆ ಹಾಕಿ ಎತ್ತಿ ಹಿಡಿದು ನಡೆದೆ. ಇವರು "ಬೇಡ ಕಣೇ, ತಿರುಗೇ" ಎನ್ನುತ್ತ ಹಿಂದೆಯೇ ಕಚೇರಿಯ ಹೊಸ್ತಿಲವರೆಗೂ ಬಂದರು.

ಸಾಹೇಬರು ಕೋಟು ತೊಟ್ಟು ಕನ್ನಡಿಯಲ್ಲಿ ಅತ್ತ ತಿರುಗಿ ಇತ್ತ ತಿರುಗಿ ನೋಡಿಕೊಂಡರು. "ಭೇಷ್! ಹೇಳಿದ ಹೊತ್ತಿಗೆ ಸರಿಯಾಗಿ! ನಮ್ಮದೇನಾದ್ರೂ ಇವತ್ತಿಗೆ ಮುಗೀಬೇಕಾದ್ದು ಇದ್ಯೇನ್ರೀ?"

ಗುಮಾಸ್ತರು ತಲೆ ಎತ್ತಿದರು. "ಒಂದಿದೆ ಸಾರ್. ಆಸಾಮಿ ಬಾಗಿಲಲ್ಲೇ ನಿಂತಿದಾರೆ."

ಕೋಟನ್ನು ತಡೆಯಲು ಬಂದವರು ಕೋಟಿನ ಜೊತೆಗೇ ಡೆಲಿವರಿಯಾಗಿದ್ದರು!

ಸಾಹೇಬರು ನನ್ನತ್ತ ನೋಡಿ ಇವರನ್ನು ಕೇಳಿದರು: "ಈ ತಾಯಿ ನಿಮಗೇನಾಗ್ಬೇಕು?"

"ಇವತ್ತಿನವರೆಗೂ ಹೆಂಡ್ತಿ ಸಾರ್," ಎಂದರು ನಮ್ಮವರು.

ಆರು ತಿಂಗಳು ಬಿತ್ತು. ಎರಡು ದಿನ ಮಾತಿಲ್ಲ, ಕತೆಯಿಲ್ಲ, ಹಾರ್ನು ಕೂಡ ಇಲ್ಲ. ಆಮೇಲೆ ಇಳಿಜಾರು ಬಂತು, "ಬ್ರೇಕ್!" ಎಂದರು, ನಾನು ಹಿಡಿದೆ, ಸರಿಹೋಯಿತು. ಕೋಟು ಕೊಟ್ಟದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಅವಧಿ ಮುಗಿದು ಲೈಸೆನ್ಸ್ ಬಂತು, ಯಜಮಾನರು ವ್ಯಾನಿನ ಬೀಗ ತೆಗೆದರು. ಬಟ್ಟೆಯ ಗಂಟು ಕೊಡಲು ನಾನೂ ಪಕ್ಕದಲ್ಲಿ ಕೂತು ಹೋಗತೊಡಗಿದೆ. ಇವರ ಕಣ್ಣು ರಸ್ತೆಯ ಮೇಲೆ, ತುಟಿ ಹೊಲಿದ ಹಾಗೆ. ಏನಾದರೂ ಕೇಳಿದರೆ, "ಗಾಡಿ ಓಡಿಸ್ತಿದೀನಿ ಕಣೇ." ಚಹದ ಹೊತ್ತಿಗೆಲ್ಲ ಕೆಲಸ ಮುಗಿದು ಮನೆ.

ಒಂದು ಮಧ್ಯಾಹ್ನ ತಡೆಯಲಾರದೆ ಹೇಳಿದೆ. "ರೀ, ವ್ಯಾನ್ ಇರ್ಲಿ. ಇವತ್ತು ಕೈಗಾಡಿ ತೆಗೀರಿ."

ಇವರು ನನ್ನ ಮುಖ ನೋಡಿದರು. ಒಳಗೆ ಹೋಗಿ ಟೋಪಿ ತಂದರು.

ಆ ದಿನ ಸುತ್ತು ಬಳಸಿ ಹೋದೆವು. ಸೇತುವೆಯ ಕಟ್ಟೆಯ ಮೇಲೆ ಕೂತೆವು. ಇವರು ಮುದ್ದೆ ಷರ್ಟಿನ ಕತೆ ಮತ್ತೆ ಹೇಳಿದರು. ನಾನು ಮೊದಲ ಸಲದಂತೆಯೇ ಕೇಳಿದೆ. ಕೊನೆಯ ಗಂಟು ಹಿಡಿದು ಹೋಗುವಷ್ಟರಲ್ಲಿ ಲೈಸೆನ್ಸ್ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಬಿಚ್ಚಿ ನೋಡಿದೆ: ಕಪ್ಪು ಕೋಟು, ಚೀಟಿಯಲ್ಲಿ ನನ್ನದೇ ಸೊಟ್ಟ ಅಕ್ಷರ, ವಾಯಿದೆ ಆ ದಿನವೇ, ಮೂರಕ್ಕೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಕೈಗಾಡಿಯಲ್ಲೇ ಹೋದೆವು. ಗುಮಾಸ್ತರು ಕೋಟು ತೆಗೆದುಕೊಳ್ಳುತ್ತ ಲೊಚಗುಟ್ಟಿದರು. "ಏನಮ್ಮಾ, ನೀವೇ ಹೀಗ್ ಮಾಡೋದಾ? ಕೋಟಿಲ್ಲ ಅಂತ ಸಾಹೇಬ್ರು ನಿನ್ನೆ ಕೂರ್ಲೇ ಇಲ್ಲ. ಯಾವನೋ ಸ್ಕೂಟರಿನವ್ನು, ಇವರ ಥರಾನೇ ಊದಿದ್ದೋನು, ಮೂವತ್ತು ದಿನ ಮುಗಿದು ಲೈಸೆನ್ಸ್ ಪುಕ್ಕಟೆ ತಗೊಂಡ್ಹೋದ!"

ನಮ್ಮವರು ಹೊರಗೆ ನಡೆದರು. ಗಾಡಿ ಎಳೆದರು, ನಾನು ತಲೆ ತಗ್ಗಿಸಿ ತಳ್ಳಿದೆ. ತಿರುವಿನಲ್ಲಿ ಕೈ ಚಾಚಿ ಸಿಗ್ನಲ್ ತೋರಿಸಿ, ಗಾಡಿ ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು ಹಿಂದೆ ತಿರುಗಿದರು.

"ಲೇ, ನಿಜ ಹೇಳು. ಆ ಸ್ಕೂಟರಿನವ್ನು ನಿನಗೇನಾಗ್ಬೇಕು?"