ಒಂದೇ ಗದ್ದೆ, ಮೂವರು ಮಾವಂದಿರು

ಕಣ್ಣಿಗೆ ಕಂಡದ್ದೆಲ್ಲ ಒಂದೇ ಫೋಟೋದಲ್ಲಿ ಬರಬೇಕು ಎಂಬ ದುರಾಸೆ ನನ್ನದು. ಎಡದಿಂದ ಬಲಕ್ಕೆ ತಿರುಗುತ್ತಾ ತುಂಡು ತುಂಡಾಗಿ ತೆಗೆದು, ನಂಜನಗೂಡಿನ ಮನೆಗೆ ಬಂದು ಕಂಪ್ಯೂಟರಿನಲ್ಲಿ ಹೊಲಿಯುತ್ತೇನೆ. ಇದಕ್ಕೆ ಪನೋರಮಾ ಎಂದು ಹೆಸರು. ನನ್ನ ಹೆಂಡತಿ ತೇಪೆ ಕೆಲಸ ಎನ್ನುತ್ತಾಳೆ. ಮೂರು ಕಾಲಿನ ಸ್ಟ್ಯಾಂಡು ಬೇಡ, ಮೊಣಕೈ ಪಕ್ಕೆಗೊತ್ತಿ ಉಸಿರು ಬಿಗಿಹಿಡಿದರೆ ಸಾಕು ಎಂಬ ಹಮ್ಮು ಬೇರೆ. ಆ ಹಮ್ಮಿನಲ್ಲೇ ಟಿ. ನರಸೀಪುರದ ಸಂಗಮವನ್ನು ಹೊಲಿದಿದ್ದೆ. ತುಂಡುಗಳು ಸರಿಯಾಗಿ ಕೂಡದೆ ನೀರು ನಡುವೆ ಮೆಟ್ಟಿಲಿನಂತೆ ಇಳಿದಿತ್ತು. ಅಲ್ಲಿ ಜಲಪಾತ ಯಾವಾಗ ಬಂತೆಂದು ಅವಳು ವಿಚಾರಿಸಿದಳು.

ಇಂಥ ನನ್ನನ್ನು ನಂಬಿ ಹೆಮ್ಮರಗಾಲದ ಮಾವನವರು ಹೊಸ ಮನೆಯ ಗೋಡೆಗೆ ತಮ್ಮ ಗದ್ದೆಯ ಉದ್ದನೆಯ ಫೋಟೋ ಕೇಳಿದರು. ಮದುವೆ ಆಲ್ಬಮ್ಮಿನಲ್ಲಿ ತಮ್ಮ ಕಣ್ಣು ಮುಚ್ಚಿತ್ತೆಂದು ಆ ಫೋಟೋಗ್ರಾಫರನ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ ಮನುಷ್ಯ ಅವರು. ಭತ್ತ ಹಣ್ಣಾಗಿತ್ತು, ಮಾರನೆಯ ದಿನವೇ ಕಟಾವು. ಬದುವಿನ ಮೇಲೆ ನಿಂತು ತೆಗೆದೆ. ಪ್ರತಿ ತುಂಡಿನಲ್ಲೂ ಹಿಂದಿನದರ ಅಂಚು ಸೇರಿರಬೇಕು. ಗಮನವೆಲ್ಲ ಅದರ ಮೇಲೆ. ಬಿಳಿ ಪಂಚೆಯೊಂದು ಸರಸರನೆ ಓಡಾಡಿದ್ದು ಕಂಡರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ಹೊಲಿದ ಮೇಲೆ ನೋಡುತ್ತೇನೆ, ಪಂಪ್‌ಸೆಟ್ಟಿನ ಹತ್ತಿರ ಮಾವ, ತೆಂಗಿನ ಮರದಡಿ ಮಾವ, ಕಾಲುವೆ ಏರಿಯ ಮೇಲೂ ಮಾವ. ಫೋಟೋ ತೆಗೆಯುವ ಕಡೆ ಯಜಮಾನ ನಿಲ್ಲದಿದ್ದರೆ ಹೇಗೆ ಎಂದು ಕ್ಯಾಮೆರಾ ತಿರುಗಿದಲ್ಲೆಲ್ಲ ಹೋಗಿ ನಿಂತಿದ್ದಾರೆ! ಒಬ್ಬ ಮಾವನನ್ನೇ ಸಂಭಾಳಿಸಲಾಗದವನು ನಾನು. ಇಬ್ಬರನ್ನು ಅಳಿಸಲು ಹೊರಟರೆ ತಲೆ ಹೋಗಿ ಪಂಚೆ ಉಳಿಯಿತು. ಗಾಬರಿಯಾಗಿ ತಲೆಯನ್ನು ವಾಪಸ್ಸು ಇಟ್ಟೆ.

"ಯಾವ ಅಪ್ಪನ್ನ ಅಳಿಸ್ತೀರೋ, ನನ್ನ ಕೇಳಿ ಅಳಿಸಿ," ಎಂದಳು ಹೆಂಡತಿ.

ಗದ್ದೆಯಲ್ಲಿ ಆಗಲೇ ಕಟಾವು ಮುಗಿದು ಬರೀ ಕೂಳೆ. ಮತ್ತೆ ತೆಗೆಯುವ ಹಾಗಿಲ್ಲ. ಗೃಹಪ್ರವೇಶದ ದಿನ ಫೋಟೋ ಗೋಡೆಗೇರಿತು. ನಾನು ಚಪ್ಪಲಿ ಎಲ್ಲಿದೆಯೆಂದು ನೋಡಿಟ್ಟುಕೊಂಡೆ. ಮಾವನವರು ಕನ್ನಡಕ ಏರಿಸಿ ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ನೆಂಟರತ್ತ ತಿರುಗಿದರು.

"ಇಷ್ಟ್ ಗದ್ದೇನೂ ಒಬ್ನೇ ಗೇಯ್ತೀನಿ ಅಂದ್ರೆ ಯಾರೂ ನಂಬ್ತಿರ್ನಿಲ್ವಲ್ಲ, ನೋಡ್ಕಳಿ. ಎತ್ತಗ್ ನೋಡುದ್ರೂ ನಾನೇ ಇವ್ನಿ."

ಹೋದ ಜೀವ ಬಂದಂತಾಯಿತು. ಪಾಯಸ ಎರಡನೇ ಸಲ ಬಡಿಸಿಕೊಂಡೆ. ಅಷ್ಟರಲ್ಲಿ ಯಾರೋ, ಅಳಿಯಂದಿರು ಫೋಟೋದಲ್ಲಿ ಇಲ್ಲವೇ ಎಂದು ಕೇಳಿದರು. ಮಾವನವರು ಫೋಟೋದ ಕೆಳಗಿನ ಮೂಲೆಯಲ್ಲಿದ್ದ, ನಾನು ಇಳಿಬಿಸಿಲಿನ ಬಣ್ಣವೆಂದೇ ತಿಳಿದಿದ್ದ ಕೆಂಪು ಮಸುಕಿನ ಮೇಲೆ ಬೆರಳಿಟ್ಟರು.

"ಇಲ್ಲೇ ಅವ್ರಲ್ಲ."

ಬಗ್ಗಿ ನೋಡಿದೆ. ನನ್ನ ಹೆಬ್ಬೆರಳು. ಎಲ್ಲವೂ ಬರಬೇಕೆಂದವನು ನಾನೇ ತಾನೆ.