ಹಸಿರು ಗುರುತಿನವರಿಗೆ ಒಂಬತ್ತು ಮಿಲಿಮೀಟರ್ ಕುರಿತು

ಗೆ,
ಮಾನ್ಯ ಹೊಂದಾಣಿಕೆ ಪರೀಕ್ಷಕ ಯಂತ್ರದವರು,
ಕಂಪ್ಯೂಟರ್ ಬಿಡಿಭಾಗಗಳ ಜಾಲತಾಣ,
(ಬೀದಿ, ಅಡ್ಡರಸ್ತೆ, ಪಿನ್‌ಕೋಡ್ ತಿಳಿಯದು)

ಮಾನ್ಯರೇ,

ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ನಿವೃತ್ತ ಗಣಿತ ಶಿಕ್ಷಕಿ ಸತ್ಯಭಾಮಾ ಮಾಡುವ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನನ್ನ ಪ್ರೊಸೆಸರ್ ಕ್ಷೇಮ, ಮದರ್‌ಬೋರ್ಡ್ ಕ್ಷೇಮ, ಗ್ರಾಫಿಕ್ಸ್ ಕಾರ್ಡು ಕಳೆದ ಭಾನುವಾರ ಸಂಜೆಯಿಂದ ಈಚೆಗೆ ಕ್ಷೇಮ. ಇವೆಲ್ಲ ಕೂರುವ ಕ್ಯಾಬಿನೆಟ್ಟಿಗೆ ಮಾತ್ರ ಒಂದು ಸಣ್ಣ ಶಸ್ತ್ರಚಿಕಿತ್ಸೆ ಆಗಿದ್ದು ಚೇತರಿಸಿಕೊಳ್ಳುತ್ತಿದೆ. ತಾವೂ, ತಮ್ಮ ಹಸಿರು ಗುರುತೂ, ಕೆಂಪು ಗುರುತೂ, ಪುಟದ ತಳದಲ್ಲಿ ಇರುವೆ ಸಾಲಿನಂತೆ ಹರಿದಾಡುವ ಆ ಅಡಿಟಿಪ್ಪಣಿಯೂ ಸೌಖ್ಯವೆಂದು ನಂಬಿದ್ದೇನೆ. ಆ ಅಡಿಟಿಪ್ಪಣಿಯ ವಿಚಾರವಾಗಿಯೇ ಈ ಪತ್ರ. ಆದರೆ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳು ನೇರವಾಗಿ ಉತ್ತರಕ್ಕೆ ಹಾರುವಂತಿಲ್ಲ, ಮೊದಲು ದತ್ತಾಂಶ ಬರೆಯಬೇಕು.

ನಮ್ಮ ಮನೆಯ ಮಹಡಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಕವನ ಎಂಬಾಕೆ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುತ್ತೇನೆಂದು ಮಂಡಿನೋವಿನವಳನ್ನೇ ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದ ಪುಣ್ಯಾತ್ಗಿತ್ತಿ, ವ್ಯಾಯಾಮ ಮುಗಿದ ಮೇಲೆ ತನ್ನ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಹಚ್ಚಿ ನನ್ನ ಕೈಗೆ ಕಂಟ್ರೋಲರ್ ಕೊಟ್ಟಳು. ಮೊದಲ ತಿರುವಿನಲ್ಲೇ ನಾನು ಕಾರು ಸಮೇತ ಸಮುದ್ರಕ್ಕೆ ಬಿದ್ದೆ. ಮದುವೆಯಾದಂದಿನಿಂದ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಿಗೆ ಕೂತು ಬಂದ ನನಗೆ, ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ನಾನೇ ಓಡಿಸಿಕೊಂಡು ಹೋಗಿ ನಾನೇ ಬಿದ್ದದ್ದು ಎಷ್ಟು ಖುಷಿಯಾಯಿತೆಂದರೆ, ಮರುದಿನ ಮಂಡಿ ನೋಯದಿದ್ದರೂ ನೋಯುತ್ತದೆಂದು ಹೇಳಿ ಮೆಟ್ಟಿಲು ಹತ್ತಿದೆ. ಹೀಗೆ ಎರಡು ವರ್ಷ ಹತ್ತಿದೆ. ಈ ಮಾರ್ಚಿನಲ್ಲಿ ಅವಳಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿ, ನೀವೂ ಒಂದು ಕಂಪ್ಯೂಟರ್ ಕಟ್ಟಿಸಿದರೆ ಪ್ರತಿ ಭಾನುವಾರ ಐದು ಗಂಟೆಗೆ ಅಲ್ಲಿಂದಲೇ ನಿಮ್ಮ ಜೊತೆ ರೇಸು ಆಡುತ್ತೇನೆ ಆಂಟಿ ಎಂದು ಮಾತು ಕೊಟ್ಟು ಹೋದಳು. ಅವಳು ಹೋದ ಮೇಲೆ ಮಹಡಿ ಬಿಕೋ ಅನ್ನುತ್ತಿತ್ತು, ನನಗೂ ಬೇಸರವಾಗಿತ್ತು.

ಇನ್ನು ನಮ್ಮ ಯಜಮಾನರು, ಮಧುಸೂದನ ಎಂಬ ಹೆಸರಿನವರು, ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಿಕ್ಸಿ, ಫ್ಯಾನು, ಸೋಫಾ, ನನ್ನ ಕನ್ನಡಕದ ಫ್ರೇಮು, ಹೀಗೆ ನಮ್ಮ ಮನೆಯ ಸಕಲವೂ ಅವರ ಆಯ್ಕೆ. ಹನ್ನೆರಡು ವರ್ಷದ ಹಿಂದೆ ಅವರೇ ಮೆಚ್ಚಿ ತಂದ ಫ್ರಿಜ್ಜಿನ ಬಾಗಿಲು ಅಡುಗೆಕಟ್ಟೆಗೆ ತಾಗಿ ಅರ್ಧವೇ ತೆರೆಯುವುದರಿಂದ ನಾನು ಮೊಸರಿನ ಪಾತ್ರೆಯನ್ನು ಇಂದಿಗೂ ಓರೆ ಮಾಡಿಯೇ ಈಚೆ ತೆಗೆಯುತ್ತೇನೆ. ನನ್ನ ನಿವೃತ್ತಿಯ ದಿನ ಅವರು ದೊಡ್ಡ ಮನಸ್ಸು ಮಾಡಿ, ಅರವತ್ತು ಸಾವಿರದೊಳಗೆ ನೀನೇ ಏನಾದರೂ ಆರಿಸಿಕೋ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ರೇಷ್ಮೆ ಸೀರೆ, ತಪ್ಪಿದರೆ ಕಾಶಿ. ಆಟದ ಕಂಪ್ಯೂಟರ್ ಎಂದು ಕೇಳಿದೊಡನೆ ಕೊಟ್ಟ ಮಾತಿಗೆ ಒಂದು ಷರತ್ತು ಲಗತ್ತಿಸಿದರು. ಜೂನ್ ತಿಂಗಳ ಮೊದಲ ಭಾನುವಾರ ಸಂಜೆ ಐದಕ್ಕೆ ಆಟ ಓಡಬೇಕು. ಓಡದಿದ್ದರೆ ಇನ್ನು ಮುಂದೆ ಈ ಮನೆಗೆ ಬರುವ ಯಾವ ಸಾಮಾನಿನ ವಿಷಯದಲ್ಲೂ ನಾನು ಚಕಾರವೆತ್ತಕೂಡದು. ಜೀವಮಾನದಲ್ಲಿ ಸಿಕ್ಕಿದ ಮೊದಲ ಆಯ್ಕೆಯ ಸಂಭ್ರಮದಲ್ಲಿ ನಾನು ಒಪ್ಪಿಬಿಟ್ಟೆ.

ಹೀಗೆ ತಮ್ಮ ಸನ್ನಿಧಾನಕ್ಕೆ ಬಂದೆ. ಬಿಡಿಭಾಗಗಳ ಹೆಸರು ಬರೆದರೆ ಅವು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ತಾವು ಕ್ಷಣಾರ್ಧದಲ್ಲಿ ಹೇಳುವಿರೆಂದು ಕವನ ತಿಳಿಸಿದ್ದಳು. ಆಹಾ, ಏನು ಹೇಳಿದಿರಿ! ನಾನು ಪ್ರೊಸೆಸರ್ ಆರಿಸಿದೆ, ಅದು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕೂರುವುದಿಲ್ಲವೆಂದು ಕೆಂಪು ಗುರುತು ಕೊಟ್ಟಿರಿ. ಮದರ್‌ಬೋರ್ಡ್ ಬದಲಿಸಿದೆ, ರ‍್ಯಾಮ್ ಹಳೆಯ ತಲೆಮಾರಿನದೆಂದು ಕೆಂಪಾದಿರಿ. ಹೊಸ ತಲೆಮಾರಿನ ರ‍್ಯಾಮ್ ಹಾಕಿದೆ, ತಾವು ಹಸಿರಾದಿರಿ, ನನ್ನ ಬಜೆಟ್ ಕೆಂಪಾಯಿತು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಎಲ್ಲರೂ ಅಡಿಕೆ ಧಾರಣೆ ನೋಡುವ ಊರಿನಲ್ಲಿ ನಾನೊಬ್ಬಳು ರ‍್ಯಾಮ್ ಧಾರಣೆ ನೋಡಿ ಉಸ್ಸೆನ್ನುತ್ತಿದ್ದೆ. ಸರಿ, ಮತ್ತೆ ಹಳೆಯ ರ‍್ಯಾಮು, ಅದಕ್ಕೊಪ್ಪುವ ಹಳೆಯ ಬೋರ್ಡು, ಅದಕ್ಕೊಪ್ಪುವ ಪ್ರೊಸೆಸರು. ಉಳಿದ ಹಣದಲ್ಲಿ ಆಟದ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೇರಿಸಿದರೆ ಪವರ್ ಸಪ್ಲೈ ಸಾಲದೆಂದಿರಿ, ಪವರ್ ಸಪ್ಲೈ ದೊಡ್ಡದು ಮಾಡಿದರೆ ಕಾರ್ಡಿಗೆ ಹಣ ಸಾಲದಾಯಿತು. ಗುಣಾಕಾರದ ಮಗ್ಗಿಯಂತೆ ನಾನು ಈ ಪಟ್ಟಿಗಳನ್ನು ಬಾಯಿಪಾಠ ಮಾಡಿಕೊಂಡೆ.

ನಮ್ಮ ಮದುವೆಗೆ ಮುನ್ನ ಹಿರಿಯರು ಜಾತಕಗಳನ್ನಿಟ್ಟುಕೊಂಡು ಸಾಲಾವಳಿ ನೋಡಿ, ಎಲ್ಲ ಕೂಡಿಬಂದಿದೆ, ಅಡ್ಡಿಯಿಲ್ಲ ಎಂದಿದ್ದರು. ಯಜಮಾನರ ಗೊರಕೆಯ ವಿಚಾರ ಯಾವ ಮನೆಯಲ್ಲೂ ಬರೆದಿರಲಿಲ್ಲ. ಅಷ್ಟು ಅನುಭವವಿದ್ದೂ, ಹತ್ತೊಂಬತ್ತನೇ ದಿನ ತಾವು ಐವತ್ತೊಂಬತ್ತು ಸಾವಿರದ ಎಂಟುನೂರು ರೂಪಾಯಿಗೆ ಮೇಲಿಂದ ಕೆಳಗಿನವರೆಗೆ ಹಸಿರೋ ಹಸಿರು ತೋರಿಸಿದಾಗ ನಾನು ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದು ಕುಣಿದೆ. ಹಲ್ಲಿ ಬಿತ್ತೇ ಎಂದು ಯಜಮಾನರು ಓಡಿಬಂದರು.

ದುರ್ಗಿಗುಡಿಯ ಅಂಗಡಿಯೊಂದರಿಂದ ಸಾಮಾನೆಲ್ಲ ತಂದು, ಶನಿವಾರ ಕವನಳನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು, ಊಟದ ಮೇಜಿನ ಮೇಲೆ ಜೋಡಣೆಗೆ ಕುಳಿತೆ. ಪ್ರೊಸೆಸರ್ ಕೂತಿತು, ರ‍್ಯಾಮ್ ಟಕ್ಕೆಂದಿತು, ಯಂತ್ರ ಚಾಲೂ ಆಯಿತು. ಕೊನೆಗೆ ಗ್ರಾಫಿಕ್ಸ್ ಕಾರ್ಡು. ಅದು ಒಳಗೆ ಹೋಗಲಿಲ್ಲ. ಓರೆ ಮಾಡಿದೆ, ತಿರುಗಿಸಿದೆ, ದೇವರ ಹೆಸರು ಹೇಳಿದೆ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿರುವ, ಹಾರ್ಡ್‌ಡಿಸ್ಕ್ ಇಡುವ ತಗಡಿನ ಗೂಡಿಗೆ ಅದರ ಮೂಗು ತಾಗುತ್ತಿತ್ತು. ಕಾರ್ಡಿಲ್ಲದೆ ಆಟ ಹಚ್ಚಿದರೆ ಕಾರು ಮದುವೆಯ ಆಲ್ಬಮ್ ತಿರುವಿದಂತೆ ಒಂದೊಂದೇ ಚಿತ್ರವಾಗಿ ಚಲಿಸಿತು. ಅಂಗಡಿಯವರಿಗೆ ಫೋನು ಮಾಡಿದರೆ, ಡಬ್ಬ ಒಡೆದ ಮಾಲು ವಾಪಸಿಲ್ಲವೆಂದು ಬಹಳ ಮರ್ಯಾದೆಯಿಂದ ಹೇಳಿದರು.

ಆಗ ನಾನು ತಮ್ಮ ಪುಟವನ್ನು ಮತ್ತೆ ತೆರೆದು, ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ, ತಳದ ಆ ಸಾಲನ್ನು ಓದಿದೆ. ಕೆಲವು ಭೌತಿಕ ಅಳತೆಗಳನ್ನು ಪರಿಶೀಲಿಸಲಾಗಿಲ್ಲ, ಕೊಳ್ಳುವ ಮುನ್ನ ತಾವೇ ಅಳೆದು ನೋಡತಕ್ಕದ್ದು. ಯಜಮಾನರೂ ಕನ್ನಡಕ ಏರಿಸಿ ಓದಿದರು. ವೃತ್ತಿಜೀವನವಿಡೀ ಇಂಥ ಸಾಲುಗಳನ್ನೇ ಬರೆದು ಜನರಿಂದ ಸಹಿ ಹಾಕಿಸಿಕೊಂಡವರ ಮುಖದಲ್ಲಿ ಹಳೆಯ ಗೆಳೆಯನನ್ನು ಕಂಡ ಕಳೆ.

"ಷರತ್ತುಗಳು ಅನ್ವಯಿಸುತ್ತವೆ, ಮಾರಾಯ್ತಿ," ಎಂದರು.

ಮಾನ್ಯರೇ, ನನಗೆ ಅಳು ಬಂತು. ಪ್ರಶ್ನೆಪತ್ರಿಕೆಯ ಸೂಚನೆ ಓದದವರಿಗೆ, ಉತ್ತರ ತಾಳೆ ನೋಡದವರಿಗೆ, ಸೆಂಟಿಮೀಟರ್ ಎಂದು ಬರೆಯಲು ಮರೆತವರಿಗೆ ಮೂವತ್ತೊಂದು ವರ್ಷ ಅರ್ಧರ್ಧ ಅಂಕ ಕಡಿಮೆ ಕೊಟ್ಟವಳು ನಾನು. ಒಂದು ಹಸಿರು ಗುರುತು ಕಂಡೊಡನೆ ಮನೆಯಲ್ಲೇ ಇದ್ದ ಟೇಪನ್ನು ಮರೆತೆ. ಆ ರಾತ್ರಿ ನಾನು ನನಗೇ ಸೊನ್ನೆ ಹಾಕಿಕೊಂಡು ಮಲಗಿದೆ.

ಬೆಳಗಾಗುವಾಗ ಕಲ್ಲಪ್ಪನವರ ನೆನಪಾಯಿತು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ನಾನು ಅಲ್ಲಿ ಪಾಠ ಮಾಡುತ್ತಿದ್ದಾಗ ನಮ್ಮ ಶಾಲೆಗೆ ರೈಲು ಹಳಿಯ ತುಂಡಿನಿಂದ ಗಂಟೆ ಮಾಡಿ ತೂಗುಹಾಕಿ ಕೊಟ್ಟವರು. ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ ಭದ್ರಾವತಿಯ ಬಸ್ಸು ಹತ್ತಿದೆವು. ಹೌದು, ಹತ್ತಿದೆವು. ನಾನು ಸೋಲಲೆಂದು ಕಾದಿದ್ದ ಯಜಮಾನರೇ, ನಿನ್ನ ಮಂಡಿಗೆ ಭಾರ ಆಗದು ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಬೆಡ್‌ಶೀಟ್ ಜಾರಿ ಪಕ್ಕದ ಗಾಜು ಕಂಡಾಗ, ಎದುರಿನ ಸೀಟಿನ ಹೆಂಗಸೊಬ್ಬರು ಮೀನು ಎಲ್ಲಿ ಎಂದು ವಿಚಾರಿಸಿದರು. ಮೀನಿಗೆ ಲಗೇಜ್ ಟಿಕೆಟ್ ಆಗುತ್ತದೆಂದು ಕಂಡಕ್ಟರ್ ಹೇಳಿದರು.

ಕಲ್ಲಪ್ಪನವರು ತಮ್ಮ ಹಾಗೆ ಪಟ್ಟಿ ಕೇಳಲಿಲ್ಲ. ವರ್ನಿಯರ್ ತಂದು ಅಳೆದು, ಒಂಬತ್ತು ಮಿಲಿಮೀಟರ್ ಕಮ್ಮಿ ಎಂದರು. ಆ ತಗಡಿನ ಗೂಡಿನಲ್ಲಿ ಏನಿಡುತ್ತೀರೆಂದು ಕೇಳಿದರು. ಏನೂ ಇಲ್ಲವೆಂದೆ. ಹೊಂದಾಣಿಕೆಯಾಗುತ್ತದೆಂದು ಹಸಿರು ಗುರುತು ಕೊಟ್ಟಿದ್ದರು ಎಂದು ತಮ್ಮ ಮೇಲೆ ಚಾಡಿಯನ್ನೂ ಹೇಳಿದೆ. ಅವರು ಹ್ಯಾಕ್ಸಾ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೇಳಿದ ಮಾತನ್ನು ತಾವು ತಮ್ಮ ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿಕೊಳ್ಳಬೇಕೆಂದು ಕೋರುತ್ತೇನೆ.

"ಎಲ್ಲಾ ತಾನೇ ಹೊಂದಂಗಿದ್ರೆ ಫಿಟ್ಟರ್ ಅಂತ ಒಬ್ಬ ಯಾಕೆ ಬೇಕಿತ್ತು ಮೇಡಂ?"

ಕಬ್ಬಿಣದ ಪುಡಿ ಬೀಳದಿರಲೆಂದು ಒಳಗಿನ ಸಾಮಾನೆಲ್ಲ ಬಿಚ್ಚಿಸಿ, ರಿವೆಟ್ ಕಿತ್ತು, ಗೂಡನ್ನು ಕೊಯ್ದು, ಅಂಚಿಗೆ ಅರ ಉಜ್ಜಿ, ಬಟ್ಟೆಯಿಂದ ಒರೆಸಿ ಕೊಟ್ಟಾಗ ಮಧ್ಯಾಹ್ನ ಮೂರೂವರೆ. ಮತ್ತೆ ಜೋಡಿಸಿದೆ. ಕಾರ್ಡು ಒಳಗೆ ಹೋಗಿ, ಆಚೆ ಬೆರಳು ತೂರುವಷ್ಟು ಜಾಗವೂ ಉಳಿಯಿತು. ಆಗಲೇ ನಾಲ್ಕೂಮುಕ್ಕಾಲು, ಐದಕ್ಕೆ ಹೊಸಮನೆ ಸೇರುವುದು ಸಾಧ್ಯವಿರಲಿಲ್ಲ. ಆದರೆ ಆಟ ಹೊಸಮನೆಯಲ್ಲೇ ಓಡಬೇಕೆಂದು ಷರತ್ತಿನಲ್ಲಿ ಬರೆದಿರಲಿಲ್ಲವಲ್ಲ, ಇದನ್ನು ವಿಮಾ ಕಚೇರಿಯವರ ಗಮನಕ್ಕೆ ತಂದೆ. ಕಲ್ಲಪ್ಪನವರ ಟಿವಿಗೆ ತಂತಿ ಚುಚ್ಚಿದೆವು. ಕಂಟ್ರೋಲರ್ ಮನೆಯಲ್ಲೇ ಬಿಟ್ಟೆನೆಂದು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಯಜಮಾನರು ಚೀಲದಿಂದ, ಮೊಸರನ್ನದ ಡಬ್ಬಿಯ ಪಕ್ಕದಿಂದ, ಅದನ್ನು ತೆಗೆದು ಕೊಟ್ಟರು. ಕೇಳದೆಯೇ ತಮ್ಮ ಮೊಬೈಲಿನ ಇಂಟರ್ನೆಟ್ಟನ್ನೂ ಕೊಟ್ಟರು. ಸರಿಯಾಗಿ ಐದಕ್ಕೆ ಆಟ ಓಡಿತು. ಕಲ್ಲಪ್ಪನವರ ಮನೆಮಂದಿಯೆಲ್ಲ ಹಿಂದೆ ನಿಂತು ಬ್ರೇಕು ಹಿಡಿಯಿರಿ, ಬ್ರೇಕು ಹಿಡಿಯಿರಿ ಎನ್ನುತ್ತಿರಲು, ಆರು ಜನರ ರೇಸಿನಲ್ಲಿ ನಾನು ಎರಡು ಸಲ ಸಮುದ್ರಕ್ಕೆ ಬಿದ್ದೂ ಐದನೆಯವಳಾಗಿ ಬಂದೆ. ಆರನೆಯವಳು ಕವನ. ಬೇಕೆಂದೇ ಸೋತಳೆಂಬ ಅನುಮಾನ ನನಗಿದೆ, ಆದರೆ ವಿಚಾರಿಸುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಆ ಅಡಿಟಿಪ್ಪಣಿಯನ್ನು ಮೈಕು ಕಟ್ಟಿದ ಆಟೋದಲ್ಲಿ ಹಾಕಿ ನಮ್ಮ ಊರಿನ ಎಲ್ಲ ಬೀದಿಗಳಲ್ಲೂ ದಿನಕ್ಕೆರಡು ಬಾರಿ ಕೂಗಿಸಬೇಕು. ತಾವು ಖುದ್ದಾಗಿ ಭದ್ರಾವತಿಗೆ ಬಂದು ಕಲ್ಲಪ್ಪನವರ ಕೈಕೆಳಗೆ ಆರು ತಿಂಗಳು ಅರ ಉಜ್ಜುವುದನ್ನು ಕಲಿಯಬೇಕು. ಬಿಡುವಾದರೆ ನನ್ನ ಮತ್ತು ಯಜಮಾನರ ಹೆಸರನ್ನೂ ಪಟ್ಟಿಗೆ ಹಾಕಿ ನೋಡಿ. ಸಾಕೆಟ್ ಬೇರೆ, ವೋಲ್ಟೇಜ್ ಬೇರೆ, ತಲೆಮಾರು ಒಂದೇ. ತಾವು ಕೆಂಪು ಗುರುತನ್ನೇ ಕೊಡುವಿರಿ, ಕೊಡಿ, ಮೂವತ್ತಾರು ವರ್ಷದಿಂದ ಓಡುತ್ತಿದೆ. ತಮ್ಮ ಉತ್ತರಪತ್ರಿಕೆಗೆ ನೂರಕ್ಕೆ ತೊಂಬತ್ತೊಂದು ಕೊಟ್ಟಿದ್ದೇನೆ. ಮಿಲಿಮೀಟರಿಗೊಂದರಂತೆ ಒಂಬತ್ತು ಕಳೆದಿದೆ. ಪೋಷಕರ ಸಹಿ ಮಾಡಿಸಿ ತರುವುದು.

ತಮ್ಮ ಹಸಿರನ್ನು ಒಮ್ಮೆ ನಂಬಿದ,
ತಮ್ಮ ವಿಶ್ವಾಸಿ,
ಸತ್ಯಭಾಮಾ

ತಾ.ಕ.: ನಮ್ಮ ಮನೆಗೆ ಹೊಸ ಫ್ರಿಜ್ಜು ಬರಲಿದೆ. ಆಯ್ಕೆ ನನ್ನದು. ನಿನ್ನೆ ಅಡುಗೆಮನೆಯ ಮೂಲೆಯನ್ನು, ಬಾಗಿಲು ಪೂರ್ತಿ ತೆರೆಯುವ ಜಾಗವನ್ನೂ ಸೇರಿಸಿ, ಮೂರು ಸಲ ಅಳೆದಾಯಿತು. ಟೇಪಿನ ಇನ್ನೊಂದು ತುದಿಯನ್ನು ಯಜಮಾನರು ಹಿಡಿದಿದ್ದರು. ತಮ್ಮನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.