ಆಂಟೆನಾಕ್ಕೆ ಉಡಿಸಿದ ಜರಿ ಸೀರೆ

ವಿಜ್ಞಾನ ಕಲಿಸುವವನಿಗೆ ವಿಜ್ಞಾನ ಗೊತ್ತಿರಲೇಬೇಕೆಂಬ ನಿಯಮವೇನೂ ಇಲ್ಲ. ಇದಕ್ಕೆ ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಸವೆಸಿದ ನಾನೇ ಸಾಕ್ಷಿ. ಮನೆಗೆ ಟಿವಿ ಬಂದರೆ ಮಕ್ಕಳ ವಿದ್ಯೆ ಹಿತ್ತಲ ಬಾಗಿಲಿನಿಂದ ಹೋಗುತ್ತದೆ ಎಂದು ಪಾಲಕರ ಸಭೆಯಲ್ಲಿ ನಾನು ಗುಡುಗಿದ್ದೆ. ಮೊದಲು ಚಪ್ಪಾಳೆ ತಟ್ಟಿದವರು ನಮ್ಮ ಹೆಡ್‌ಮಾಸ್ತರರು. ಅವರು ದಿನಾ ಹುಮನಾಬಾದಿನಿಂದ ಬಸ್ಸಿನಲ್ಲಿ ಬರುವ ಶಿಸ್ತಿನ ಮನುಷ್ಯ. ನಾನು ಹುಮನಾಬಾದಿಗೆ ಹೋದಾಗಲೆಲ್ಲ ನೋಡಿದ್ದೆ, ಅವರ ಮಾಳಿಗೆಯ ಮೇಲೆ ಎತ್ತರದ ಗಳದಲ್ಲಿ ಯಾವಾಗಲೂ ಒಂದು ಬಿಳಿ ಧೋತರ ಒಣಗುತ್ತಿತ್ತು. ಶುಚಿತ್ವ ಎಂದರೆ ಹೀಗಿರಬೇಕು ಎಂದು ನಾನು ತರಗತಿಯಲ್ಲಿ ಅದರ ಉದಾಹರಣೆ ಕೊಡುತ್ತಿದ್ದೆ.

ಭಾಷಣ ಮಾಡಿ ತಿಂಗಳಾಗಿರಲಿಲ್ಲ, ಹೈದರಾಬಾದಿನಲ್ಲಿ ರಾಡಾರಿನ ಕೆಲಸದಲ್ಲಿದ್ದ ನನ್ನ ಹೆಂಡತಿಯ ತಮ್ಮ ಅಕ್ಕನಿಗೆಂದು ಒಂದು ಟಿವಿ ತಂದಿಟ್ಟ. ಟಿವಿಯನ್ನೇನೋ ಒಳಗಿಡಬಹುದು, ಮಾಳಿಗೆಯ ಮೇಲೆ ಗುಲಬರ್ಗಾದ ಟಿವಿ ಗೋಪುರದ ಕಡೆ ಮುಖ ಮಾಡಿ ನಿಂತ ಆಂಟೆನಾವನ್ನು ಎಲ್ಲಿ ಬಚ್ಚಿಡುವುದು? ಅದನ್ನು ಕೇಳಿ ಮೈದುನ ನಕ್ಕ. ವಿಮಾನಕ್ಕೂ ಇದೇ ಕಷ್ಟವಂತೆ. ಶತ್ರುವಿನ ರಾಡಾರಿಗೆ ಮೊದಲು ಕಾಣುವುದೇ ಅದರ ಆಂಟೆನಾ. ಅದಕ್ಕೆ ಲೋಹದ ಸಣ್ಣ ಚಿತ್ತಾರ ಬಿಡಿಸಿದ ಒಂದು ಹಾಳೆಯನ್ನು ಮುಂದೆ ಹಿಡಿಯುತ್ತಾರಂತೆ. ಅದು ತನಗೆ ಬೇಕಾದ ಅಲೆಯನ್ನು ಮಾತ್ರ ಒಳಗೆ ಬಿಟ್ಟು, ಶತ್ರುವಿನ ಅಲೆಯನ್ನು ಬೇರೆ ದಿಕ್ಕಿಗೆ ಹಾರಿಸುತ್ತದಂತೆ. ಚಿತ್ತಾರದ ಅಳತೆಯಲ್ಲೇ ಎಲ್ಲ ಇದೆ ಎಂದೂ ಅವನು ಹೇಳಿದ್ದ. ನಾನು ಅಳತೆಯನ್ನು ಬಿಟ್ಟು ಚಿತ್ತಾರವನ್ನಷ್ಟೇ ನೆನಪಿಟ್ಟುಕೊಂಡೆ.

ಆ ಯುಗಾದಿ ಭಾನುವಾರ ಬಂತು. ಬೇವು-ಬೆಲ್ಲಕ್ಕೆ ಸಂಜೆ ಬರುತ್ತೇನೆಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು. ಬಂದವರ ಕಣ್ಣಿಗೆ ಮೊದಲು ಬೀಳುವುದೇ ಆಂಟೆನಾ. ಆಗಲೇ ಉಪಾಯ ಹೊಳೆಯಿತು. ಮರಾಠಿ ಸೀಮೆ ಹತ್ತಿರವಾದ್ದರಿಂದ ನಮ್ಮ ಓಣಿಯಲ್ಲೂ ಯುಗಾದಿಗೆ ಗಳಕ್ಕೆ ಸೀರೆ ಉಡಿಸಿ, ಮೇಲೆ ತಂಬಿಗೆ ಬೋರಲು ಹಾಕಿ ಗುಡಿ ಏರಿಸುತ್ತಾರೆ. ಆಂಟೆನಾವನ್ನೇ ಗುಡಿ ಮಾಡಿದರೆ ಯಾರು ಕೇಳುತ್ತಾರೆ? ಲೋಹದ ಚಿತ್ತಾರ ಬೇಕಲ್ಲ, ಮೈತುಂಬ ಜರಿಯಿದ್ದ ಹೆಂಡತಿಯ ಮದುವೆ ಸೀರೆಯನ್ನೇ ಸುತ್ತಿದೆ.

“ಟಿವಿ ಬೇಕು, ಮಂದಿ ಮುಂದ ಬ್ಯಾಡ. ಇದ್ಯಾವ ವಿಜ್ಞಾನರಿ?” ಎಂದಳು ಆಕೆ.

ಗುಡಿ ಬಹಳ ಚೆನ್ನಾಗಿ ಕಂಡಿತು. ಟಿವಿಯಲ್ಲಿ ಮಾತ್ರ ಬರೀ ಜೋಳದ ಹಿಟ್ಟು ಉದುರತೊಡಗಿತು. ಸಂಜೆಯ ಸಿನಿಮಾಕ್ಕೆ ಕಾದಿದ್ದ ಹೆಂಡತಿ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಸೀರೆ ಬಿಚ್ಚೋಣವೆಂದರೆ ಹೆಡ್‌ಮಾಸ್ತರರು ಬಂದೇಬಿಟ್ಟರು.

ಬೇವು-ಬೆಲ್ಲ ತಿಂದು ಅವರು ಅಂಗಳದಲ್ಲಿ ನಿಂತು ಮೇಲೆ ನೋಡಿದರು. ಹೊತ್ತು ಮುಳುಗಿತ್ತು, ಓಣಿಯ ಗುಡಿಗಳೆಲ್ಲ ಇಳಿದಿದ್ದವು, ನಮ್ಮದೊಂದೇ ನಿಂತಿತ್ತು. ಹೊತ್ತು ಮುಳುಗಿದ ಮೇಲೆ ಗುಡಿ ಇರಬಾರದೆಂದು, ನಾನು ಬೇಡ ಬೇಡ ಎನ್ನುತ್ತಿರುವಾಗಲೇ, ಮೆಟ್ಟಿಲೇರಿ ಹೋಗಿ ತಾವೇ ಸೀರೆ ಬಿಚ್ಚಿದರು. ಆಂಟೆನಾ ಬತ್ತಲೆ ನಿಂತಿತು. ಹಿಂದೆಯೇ ಮೆಟ್ಟಿಲೇರಿದ ನಾನು ಸೀರೆಗೆ ಕೈ ಚಾಚಿದೆ.

ಅವರು ಜರಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಗಳವನ್ನು ಅನುಭವಸ್ಥರಂತೆ ಒಂದಿಷ್ಟು ತಿರುಗಿಸಿದರು. ಕೆಳಗಿನಿಂದ ಹಾಡು ಕೇಳಿಬಂತು.

“ಜರಿ ಸುತ್ತಿದ್ರ ಚಿತ್ರ ಹ್ಯಾಂಗ ಬರ್ತದ್ರಿ ಮಾಸ್ತರ್?” ಎಂದರು ಮೆಲ್ಲಗೆ. “ನಮ್ಮನ್ಯಾಗ ನಾ ಹತ್ತಿ ಧೋತ್ರ ಸುತ್ತೇನಿ.”

ಆ ಸಂಜೆ ಮೂವರೂ ಕೂತು ಸಿನಿಮಾ ನೋಡಿದೆವು. ನನಗೆ ಅಷ್ಟು ಸಂತೋಷದ ಯುಗಾದಿ ಮತ್ತೆ ಬರಲಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಟಿವಿಯ ಕೇಡಿನ ಬಗ್ಗೆ ಹೆಡ್‌ಮಾಸ್ತರರೇ ಮಾತಾಡಿದರು. ಮೊದಲು ಚಪ್ಪಾಳೆ ತಟ್ಟಿದವನು ನಾನು.